ಬ್ರಿಟಿಷ್ ಸ್ಪೀಡ್‌ವೇ: ಹೊರನಾಡಿನ ಸವಾರರು ಮತ್ತು ವರ್ಕ್ ಪರ್ಮಿಟ್

ಸ್ಪೀಡ್‌ವೇ ಮಣ್ಣಿನ ಅಂಡಾಕಾರದ ಪಥದಲ್ಲಿ ನಡೆಯುವ ಮೋಟಾರ್‌ಸೈಕಲ್ ಪಂದ್ಯ. ಒಂದು ಓಟಕ್ಕೆ ನಾಲ್ವರು ಸವಾರರು, ಗಡಿಯಾರದ ಮುಳ್ಳಿಗೆ ಎದುರಾಗಿ ನಾಲ್ಕು ಸುತ್ತು. ಬೈಕಿಗೆ ಬ್ರೇಕ್ ಇರುವುದಿಲ್ಲ, ಗೇರ್ ಒಂದೇ. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ನಿಗೆ ಮೆಥನಾಲ್ ಇಂಧನ. ತಿರುವಿನಲ್ಲಿ ಹಿಂಚಕ್ರವನ್ನು ಬೇಕೆಂದೇ ಜಾರಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ, ಬೈಕನ್ನು ಓರೆಯಾಗಿಯೇ ಮುಂದಕ್ಕೆ ನುಗ್ಗಿಸುವುದು ಇಲ್ಲಿನ ಕೌಶಲ. ಓಟ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ. ಮೊದಲ ಮೂವರಿಗೆ 3, 2, 1 ಅಂಕ, ಕೊನೆಯವನಿಗೆ ಸೊನ್ನೆ. ಬ್ರಿಟನ್ನಿನ ಲೀಗಿನಲ್ಲಿ ಏಳೇಳು ಸವಾರರ ಎರಡು ತಂಡಗಳು 15 ಓಟಗಳಲ್ಲಿ ಎದುರಾಗುತ್ತವೆ. ಋತು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ.

ಈ ಲೀಗು ಹುಟ್ಟಿದ ದಿನದಿಂದಲೂ ಹೊರನಾಡಿನ ಸವಾರರನ್ನು ನಂಬಿಕೊಂಡು ಬಂದಿದೆ. ಅಂಥವನೊಬ್ಬ ಬ್ರಿಟಿಷ್ ಕ್ಲಬ್ಬಿನ ಪರ ಓಡಬೇಕಾದರೆ ಎರಡು ಬಾಗಿಲು ದಾಟಬೇಕು. ಮೊದಲನೆಯದು ಸರ್ಕಾರದ್ದು: ದೇಶದೊಳಗೆ ಬಂದು ಸಂಬಳಕ್ಕೆ ದುಡಿಯುವ ಅನುಮತಿ. ಎರಡನೆಯದು ಆಟದ್ದೇ: ತಂಡದ ಒಟ್ಟು ಬಲಕ್ಕೆ, ಕ್ಲಬ್ಬುಗಳನ್ನು ನಡೆಸುವ ಪ್ರಮೋಟರ್‌ಗಳು ಹಾಕಿಕೊಂಡಿರುವ ಮಿತಿ. ಮೊದಲ ಬಾಗಿಲು ಶ್ರೇಷ್ಠ ಸವಾರನನ್ನು ಮಾತ್ರ ಒಳಗೆ ಬಿಡುತ್ತದೆ. ಎರಡನೆಯದು ಶ್ರೇಷ್ಠರು ಒಂದೇ ತಂಡದಲ್ಲಿ ತುಂಬಿಕೊಳ್ಳದಂತೆ ತಡೆಯುತ್ತದೆ. ಇವೆರಡೂ ಒಂದಕ್ಕೊಂದು ಹೊಂದಿಕೊಂಡ ಕಾಲ ಕಡಿಮೆ. ‘ಹೊರಗಿನವನು ಯಾರು’ ಎಂಬ ಗೆರೆಯನ್ನು ಬ್ರಿಟಿಷ್ ಸರ್ಕಾರ 1962, 1973, 2004, 2021 ಹೀಗೆ ಅಳಿಸಿ ಅಳಿಸಿ ಬರೆದಿದೆ. ಬಹುಪಾಲು ಸಲ ಲೀಗಿನ ಮುಖಚಹರೆ ಬದಲಾಗಿದೆ.

ಆಸ್ಟ್ರೇಲಿಯದಿಂದ ಬಂದ ಆಟ

ಆಟದ ಹುಟ್ಟೂರು ಯಾವುದೆಂಬ ವಾದ ಇನ್ನೂ ತೀರಿಲ್ಲ. ನ್ಯೂ ಸೌತ್ ವೇಲ್ಸ್‌ನ ವೆಸ್ಟ್ ಮೇಟ್‌ಲ್ಯಾಂಡಿನಲ್ಲಿ 1923ರ ಡಿಸೆಂಬರಿನಲ್ಲಿ, ನ್ಯೂಜಿಲೆಂಡಿನಲ್ಲಿ ಹುಟ್ಟಿದ ಜಾನಿ ಹಾಸ್ಕಿನ್ಸ್ ಏರ್ಪಡಿಸಿದ ಪಂದ್ಯದಿಂದ ಲೆಕ್ಕ ಹಿಡಿಯುವುದು ವಾಡಿಕೆ. ಬ್ರಿಟನ್ನಿನಲ್ಲಿ 1927ರಲ್ಲಿ ಕ್ಯಾಂಬರ್ಲಿಯಲ್ಲೂ ಡ್ರಾಯ್ಲ್ಸ್‌ಡನ್ನಿನಲ್ಲೂ ಇದನ್ನು ಹೋಲುವ ಪಂದ್ಯಗಳು ನಡೆದಿದ್ದವು; ಕ್ಯಾಂಬರ್ಲಿಯಲ್ಲಿ ಸವಾರರು ಸುತ್ತಿದ್ದು ಈಗಿನದಕ್ಕೆ ತಿರುಗುಮುರುಗಾದ ದಿಕ್ಕಿನಲ್ಲಿ. ಜನ ಮುಗಿಬಿದ್ದದ್ದು ಮಾತ್ರ 1928ರ ಫೆಬ್ರವರಿ 19ರಂದು, ಲಂಡನ್ ಹೊರವಲಯದ ಎಪಿಂಗ್ ಕಾಡಿನ ಹೈ ಬೀಚ್‌ನಲ್ಲಿ. ಅಲ್ಲಿ ಓಡಿದವರಲ್ಲಿ ಬಿಲ್ಲಿ ಗ್ಯಾಲೋವೇ, ಕೀತ್ ಮೆಕೇ ಎಂಬ ಆಸ್ಟ್ರೇಲಿಯದವರೂ ಇದ್ದರು. ಬ್ರಿಟಿಷ್ ಸ್ಪೀಡ್‌ವೇಯ ಮೊದಲ ದಿನವೇ ಹೊರನಾಡಿನ ಸವಾರರು ಹಾಜರಿದ್ದರು ಎಂಬುದನ್ನು ಮುಂದಿನ ಎಷ್ಟೋ ವಾದಗಳಲ್ಲಿ ಜನ ಮರೆತದ್ದುಂಟು.

ಅದೇ ವರ್ಷ ವಿಕ್ ಹಕ್ಸ್‌ಲಿ, ಫ್ರ್ಯಾಂಕ್ ಆರ್ಥರ್, ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ಬೆಳೆದ ರಾನ್ ಜಾನ್ಸನ್, ಅಮೆರಿಕದ ‘ಸ್ಪ್ರೌಟ್ಸ್’ ಎಲ್ಡರ್ ಬಂದಿಳಿದರು. ಬೈಕನ್ನು ಓರೆಯಾಗಿ ಜಾರಿಸುವ ವಿದ್ಯೆ ಇವರಿಗೆ ಕೈವಶವಾಗಿತ್ತು. ಇಂಗ್ಲಿಷ್ ಹುಡುಗರು ಆಗಿನ್ನೂ ಕಲಿಯುತ್ತಿದ್ದರು. ಅಂತರ ಎಷ್ಟಿತ್ತೆಂದರೆ, 1929ರಲ್ಲಿ ಸ್ಟಾರ್ ಚಾಂಪಿಯನ್‌ಷಿಪ್ ಶುರುವಾದಾಗ ಅದನ್ನು ಎರಡು ಭಾಗ ಮಾಡಬೇಕಾಯಿತು: ಊರಿನವರಿಗೊಂದು, ಹೊರನಾಡಿನವರಿಗೊಂದು. ಹೊರನಾಡಿನ ವಿಭಾಗದಲ್ಲಿ ಆರ್ಥರ್ ಹಕ್ಸ್‌ಲಿಯನ್ನು ಸೋಲಿಸಿದ. ಊರಿನ ವಿಭಾಗದಲ್ಲಿ ರೋಜರ್ ಫ್ರಾಗ್ಲಿ ಜ್ಯಾಕ್ ಪಾರ್ಕರ್‌ನನ್ನು ಸೋಲಿಸಿದ. ಮರುವರ್ಷ ಎರಡನ್ನೂ ಕೂಡಿಸಿದರು, ಹಕ್ಸ್‌ಲಿ ಗೆದ್ದ. ಹೊರನಾಡಿನ ಸವಾರರನ್ನು ಬೇರ್ಪಡಿಸಿ ಸ್ಥಳೀಯರಿಗೆ ಜಾಗ ಕಾದಿರಿಸುವ ಮೊದಲ ಏರ್ಪಾಡು ಇದು. ಇದಕ್ಕೂ ಸರ್ಕಾರಕ್ಕೂ ಸಂಬಂಧವಿರಲಿಲ್ಲ.

ಸರ್ಕಾರದ ಕಣ್ಣಿಗೆ ಆಗ ಆಸ್ಟ್ರೇಲಿಯದವನು ಹೊರಗಿನವನೇ ಅಲ್ಲ. ಸಾಮ್ರಾಜ್ಯದ ಪ್ರಜೆಯಾಗಿ ಯಾರ ಅಪ್ಪಣೆಯೂ ಇಲ್ಲದೆ ಬಂದು ದುಡಿಯಬಹುದಿತ್ತು. ಅವನಿಗಿದ್ದ ತೊಡಕು ಐದಾರು ವಾರದ ಹಡಗಿನ ಪಯಣ, ಅದರ ಖರ್ಚು, ಅದನ್ನು ಭರಿಸುವ ಪ್ರಮೋಟರ್‌ನನ್ನು ಹುಡುಕುವುದು, ಅಷ್ಟೇ. ಅಮೆರಿಕದವನ ಕಥೆ ಬೇರೆ. 1920ರ ಪರಕೀಯರ ಆದೇಶದ ಪ್ರಕಾರ ಸಾಮ್ರಾಜ್ಯದ ಹೊರಗಿನವನನ್ನು ಕೆಲಸಕ್ಕೆ ತೆಗೆದುಕೊಳ್ಳುವವನು ಕಾರ್ಮಿಕ ಸಚಿವಾಲಯದಿಂದ ಪರ್ಮಿಟ್ ಪಡೆಯಬೇಕು. ಪರ್ಮಿಟ್ ಕೊಡುತ್ತಿದ್ದುದು ಕೆಲಸ ಕೊಡುವವನ ಕೈಗೆ. ಈ ಒಂದು ಅಂಶ ಇಂದಿಗೂ ಮೂಲದಲ್ಲಿ ಹಾಗೆಯೇ ಉಳಿದಿದೆ.

ಆ ಜರಡಿ ದಾಟಿ ಬಂದವರು ಎಂಥವರೆಂಬುದಕ್ಕೆ 1937ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಪಂದ್ಯ ಸಾಕ್ಷಿ. ಹಿಂದಿನ ವರ್ಷ ಅಲ್ಲೇ ನಡೆದ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ಪನ್ನು ಆಸ್ಟ್ರೇಲಿಯದ ಲಯನೆಲ್ ವಾನ್ ಪ್ರಾಗ್ ಗೆದ್ದಿದ್ದ. 1937ರಲ್ಲಿ ಮೊದಲ ಮೂರು ಸ್ಥಾನವೂ ಅಮೆರಿಕದವರಿಗೆ: ಜ್ಯಾಕ್ ಮಿಲ್ನ್, ವಿಲ್ಬರ್ ಲ್ಯಾಮೊರೊ, ಜ್ಯಾಕ್‌ನ ಸೋದರ ಕಾರ್ಡಿ ಮಿಲ್ನ್. ಮೂವರೂ ಲಂಡನ್ನಿನ ಕ್ಲಬ್ಬುಗಳಲ್ಲಿ ಪಳಗಿದವರು. 1938ರಲ್ಲಿ ಮತ್ತೆ ಆಸ್ಟ್ರೇಲಿಯ, ಬ್ಲೂಯಿ ವಿಲ್ಕಿನ್‌ಸನ್. ಇಂಗ್ಲೆಂಡಿನವನೊಬ್ಬ ಗೆಲ್ಲಲು 1949ರ ಟಾಮಿ ಪ್ರೈಸ್‌ವರೆಗೆ ಕಾಯಬೇಕಾಯಿತು. ಯುರೋಪಿನ ಮುಖ್ಯ ಭೂಭಾಗದಿಂದ ಆಗ ಬಂದವರು ವಿರಳ. ಡೆನ್ಮಾರ್ಕಿನ ಮೋರಿಯನ್ ಹ್ಯಾನ್ಸನ್ ಅವರಲ್ಲೊಬ್ಬ. ಯುದ್ಧಕಾಲದಲ್ಲಿ ಬ್ರಿಟನ್ನಿನ ವಾಯುಪಡೆಗೆ ಸೇರಿ ಜಾರ್ಜ್ ಪದಕ ಪಡೆದವನು.

ಕಾಮನ್‌ವೆಲ್ತಿನ ನೆಂಟಸ್ತಿಕೆ

ಯುದ್ಧಾನಂತರದ ಎರಡು ದಶಕ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದವು ಎಂದರೂ ನಡೆಯುತ್ತದೆ. ರಾನಿ ಮೂರ್ 1950ರಲ್ಲಿ ಹದಿಹರೆಯದಲ್ಲೇ ವಿಂಬಲ್ಡನ್ ಕ್ಲಬ್ಬಿಗೆ ಬಂದ. 1954 ಮತ್ತು 1959ರಲ್ಲಿ ವಿಶ್ವ ಚಾಂಪಿಯನ್ನಾದ. ಅವನ ಹಿಂದೆಯೇ ಬಂದ ಬ್ಯಾರಿ ಬ್ರಿಗ್ಸ್ ನಾಲ್ಕು ಸಲ ಗೆದ್ದ. 1957ರಲ್ಲಿ ಬಂದು ನೆಲೆ ಸಿಗದೆ ಮರಳಿದ ಐವನ್ ಮೌಗರ್ 1963ರಲ್ಲಿ ನ್ಯೂಕಾಸಲ್‌ಗೆ ಮತ್ತೆ ಬಂದು 1968ರಿಂದ 1979ರ ನಡುವೆ ಆರು ಸಲ ಗೆದ್ದ. ಮೌಗರ್‌ನ ಉದಾಹರಣೆ ಇಲ್ಲಿ ಮುಖ್ಯ. ಮೊದಲ ಬಾರಿಗೆ ಬಂದಾಗ ಅವನು ಯಾವ ಅಳತೆಯಿಂದಲೂ ಶ್ರೇಷ್ಠ ಸವಾರನಲ್ಲ. ಇಂದಿನ ನಿಯಮಗಳಿದ್ದರೆ ಅವನಿಗೆ ಪರ್ಮಿಟ್ ಸಿಗುತ್ತಿರಲಿಲ್ಲ. ಬಂದು, ಸೋತು, ಹಿಂದಿರುಗಿ, ಮತ್ತೆ ಬರುವ ಸ್ವಾತಂತ್ರ್ಯ ಆಗಿನ ಬ್ರಿಟಿಷ್ ಪ್ರಜೆಗಿತ್ತು.

1962ರ ಕಾಮನ್‌ವೆಲ್ತ್ ವಲಸಿಗರ ಕಾಯಿದೆ ಆ ಸ್ವಾತಂತ್ರ್ಯಕ್ಕೆ ಮೊದಲ ಕಡಿವಾಣ. ಕಾಮನ್‌ವೆಲ್ತಿನವರೂ ದುಡಿಯಲು ವೋಚರ್ ಪಡೆಯಬೇಕೆಂದಾಯಿತು. ಕಾಯಿದೆಯ ಗುರಿ ಕೆರಿಬಿಯನ್ ದ್ವೀಪಗಳಿಂದಲೂ ಭಾರತ ಉಪಖಂಡದಿಂದಲೂ ಬರುವವರು ಎಂಬುದು ಆಗಲೇ ಎಲ್ಲರಿಗೂ ತಿಳಿದಿತ್ತು. ಆಸ್ಟ್ರೇಲಿಯ, ನ್ಯೂಜಿಲೆಂಡಿನ ಸವಾರರ ದಾರಿ ಅದರಿಂದ ಹೆಚ್ಚೇನೂ ಕೆಡಲಿಲ್ಲ.

ಆಟದ ಒಳಗಂತೂ ಈ ನೆಂಟಸ್ತಿಕೆ ಇನ್ನೂ ಹತ್ತು ವರ್ಷ ಗಟ್ಟಿಯಾಗಿಯೇ ಇತ್ತು. 1971ರಲ್ಲಿ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ವಿಶ್ವ ತಂಡ ಕಪ್ಪನ್ನು ಗ್ರೇಟ್ ಬ್ರಿಟನ್ ಗೆದ್ದಿತು. ಗೆದ್ದ ತಂಡದಲ್ಲಿ ಮೌಗರ್, ಬ್ರಿಗ್ಸ್, ಮೂರ್ ಮೂವರೂ ನ್ಯೂಜಿಲೆಂಡಿನವರು. ಜಿಮ್ ಏರಿ ಆಸ್ಟ್ರೇಲಿಯದವನು. ಇಂಗ್ಲೆಂಡಿನವನು ರೇ ವಿಲ್ಸನ್ ಒಬ್ಬನೇ. ಲೀಗಿನಲ್ಲಿ ಜತೆಯಾಗಿ ಓಡುವವರು ದೇಶದ ಹೆಸರಿನಲ್ಲೂ ಜತೆಯಾಗಿ ಓಡಬಹುದೆಂಬ ಆ ಹಳೆಯ ಏರ್ಪಾಡು 1970ರ ದಶಕದ ನಡುವೆ ಮುಗಿಯಿತು. ಬೇರೆಯಾದ ಆಸ್ಟ್ರೇಲಿಯ 1976ರಲ್ಲೂ ನ್ಯೂಜಿಲೆಂಡ್ 1979ರಲ್ಲೂ ತಾವೇ ಕಪ್ ಗೆದ್ದವು.

ಸ್ವೀಡನ್ನಿನವರಿಗೆ ಇಂಥ ನೆಂಟಸ್ತಿಕೆ ಇರಲಿಲ್ಲ. ಊವೆ ಫುಂಡಿನ್ 1955ರಲ್ಲಿ ನಾರಿಚ್ ಕ್ಲಬ್ಬಿಗೆ ಬಂದ. ಮರುವರ್ಷ ವಿಶ್ವ ಕಿರೀಟ ಮೊದಲ ಬಾರಿಗೆ ಇಂಗ್ಲಿಷ್ ಮನೆಮಾತಿನವರ ಕೈದಾಟಿ ಅವನಿಗೆ ಹೋಯಿತು. ಒಟ್ಟು ಐದು ಸಲ ಗೆದ್ದ. ಆದರೆ ಫುಂಡಿನ್ ಮತ್ತು ಅವನ ನಂತರದ ಸ್ವೀಡನ್ನಿನವರು ತಂದ ಹೊಸ ಪದ್ಧತಿಯೊಂದು ಪ್ರಮೋಟರ್‌ಗಳ ನಿದ್ದೆ ಕೆಡಿಸಿತು. ಆಸ್ಟ್ರೇಲಿಯದವನು ಬಂದರೆ ಋತು ಮುಗಿಯುವವರೆಗೆ ಇಲ್ಲೇ ಮನೆ ಮಾಡುತ್ತಿದ್ದ. ಸ್ವೀಡನ್ನಿನವನು ವಿಮಾನದಲ್ಲಿ ಬಂದು, ಓಡಿ, ಹಣ ಎಣಿಸಿಕೊಂಡು, ರಾತ್ರೋರಾತ್ರಿ ಊರಿಗೆ ಹೊರಡುತ್ತಿದ್ದ. ಊರಿನ ಲೀಗಿನ ಪಂದ್ಯ ಅದೇ ದಿನ ಬಿದ್ದರೆ ಬರುತ್ತಲೇ ಇರಲಿಲ್ಲ. ಪೋಸ್ಟರ್‌ನಲ್ಲಿ ಹೆಸರು, ಪಥದಲ್ಲಿ ಬದಲಿ ಸವಾರ. ಟಿಕೆಟ್ ಕೊಂಡವರ ಸಿಟ್ಟು ಪ್ರಮೋಟರ್‌ನ ಮೇಲೆ. ಹೀಗಾಗಿ ಬ್ರಿಟನ್ನಿನಲ್ಲೇ ನೆಲೆಸದ ಸವಾರರನ್ನು ದೂರವಿಡುವ ಕಟ್ಟಳೆಗಳನ್ನು ಪ್ರಮೋಟರ್‌ಗಳ ಸಂಘ 1960ರ, 1970ರ ದಶಕಗಳಲ್ಲಿ ಆಗಾಗ ತಂದು ಆಗಾಗ ಸಡಿಲಿಸಿತು. ಸರ್ಕಾರ ಪರ್ಮಿಟ್ ಕೊಟ್ಟವನಿಗೂ ಆಟ ಬಾಗಿಲು ಹಾಕಬಹುದೆಂದು ಈ ಪ್ರಸಂಗ ತೋರಿಸಿತು.

1973ರ ಜನವರಿ 1

ಬ್ರಿಟನ್ ಯುರೋಪಿಯನ್ ಆರ್ಥಿಕ ಸಮುದಾಯ ಸೇರಿದ್ದು ಈ ದಿನ. 1971ರ ವಲಸೆ ಕಾಯಿದೆ ಜಾರಿಗೆ ಬಂದದ್ದೂ ಇದೇ ದಿನ. ಒಂದು ಕೈಯಲ್ಲಿ ಕಾಮನ್‌ವೆಲ್ತಿಗೆ ಬಾಗಿಲು ಕಿರಿದಾಯಿತು, ಇನ್ನೊಂದು ಕೈಯಲ್ಲಿ ಯುರೋಪಿಗೆ ತೆರೆಯಿತು. ಸ್ಪೀಡ್‌ವೇ ಆಡುವ ಯುರೋಪಿನ ದೇಶಗಳಲ್ಲಿ ಅಂದು ಬ್ರಿಟನ್ನಿನ ಜತೆಗೇ ಸಮುದಾಯಕ್ಕೆ ಸೇರಿದ್ದು ಡೆನ್ಮಾರ್ಕ್. ಸ್ವೀಡನ್ ಹೊರಗುಳಿಯಿತು. ಅಕ್ಕಪಕ್ಕದ ಎರಡು ದೇಶ, ಒಂದೇ ಆಟ. ಒಂದರ ಸವಾರನಿಗೆ ಪರ್ಮಿಟ್ ಬೇಡ, ಇನ್ನೊಂದರವನಿಗೆ ಬೇಕು.

ಮುಂದಿನ ಹದಿನೈದು ವರ್ಷದಲ್ಲಿ ಡೆನ್ಮಾರ್ಕ್ ಏನಾಯಿತೆಂಬುದನ್ನು ನೋಡಬೇಕು. 1971ರಲ್ಲೇ ವಿಶ್ವ ಚಾಂಪಿಯನ್ನಾಗಿದ್ದ ಓಲೆ ಓಲ್ಸನ್ 1975, 1978ರಲ್ಲಿ ಮತ್ತೆ ಗೆದ್ದ. ಎರಿಕ್ ಗುಂಡರ್‌ಸನ್ ಕ್ರ್ಯಾಡ್ಲಿ ಹೀತ್ ಕ್ಲಬ್ಬಿಗೂ ಹ್ಯಾನ್ಸ್ ನೀಲ್ಸನ್ ವುಲ್ವರ್‌ಹ್ಯಾಂಪ್ಟನ್, ಬರ್ಮಿಂಗ್‌ಹ್ಯಾಂ ಹಾದು ಆಕ್ಸ್‌ಫರ್ಡಿಗೂ ಬಂದರು. 1984ರಿಂದ 1989ರವರೆಗೆ ಆರು ವರ್ಷವೂ ವಿಶ್ವ ಕಿರೀಟ ಈ ಇಬ್ಬರ ನಡುವೆಯೇ ಓಡಾಡಿತು. ವಿಶ್ವ ತಂಡ ಕಪ್ 1983ರಿಂದ 1988ರವರೆಗೆ ಬಿಡದೆ ಡೆನ್ಮಾರ್ಕಿನದು. ಇದೆಲ್ಲ ಪಾಸ್‌ಪೋರ್ಟಿನ ಪುಣ್ಯವೆಂದು ಹೇಳಿದರೆ ಡೆನ್ಮಾರ್ಕಿನವರಿಗೆ ಅನ್ಯಾಯ. ಮಕ್ಕಳಿಗೆಂದೇ 80 ಸಿಸಿ ಬೈಕಿನ ಪಂದ್ಯಗಳನ್ನು ಅವರು ಬೆಳೆಸಿದ್ದರು. ಓಲ್ಸನ್ 1975ರಲ್ಲಿ ವೋಯೆನ್ಸ್‌ನಲ್ಲಿ ತನ್ನದೇ ಪಥ ಕಟ್ಟಿಸಿದ್ದ. ಆದರೂ ಹದಿನೇಳು ಹದಿನೆಂಟರ ಹುಡುಗ, ಹೆಸರು ಮಾಡುವುದಕ್ಕೆ ಮೊದಲೇ, ಇಂಗ್ಲೆಂಡಿಗೆ ಬಂದು ವಾರಕ್ಕೆ ಮೂರು ನಾಲ್ಕು ರಾತ್ರಿ ಓಡಿ ಪಳಗಬಹುದಾಗಿದ್ದುದು ಸಣ್ಣ ಸಂಗತಿಯಲ್ಲ. ಪರ್ಮಿಟ್ ಬೇಕಿದ್ದವನು ಮೊದಲು ಹೆಸರು ಮಾಡಿ ಆಮೇಲೆ ಬರಬೇಕಿತ್ತು.

ಅಮೆರಿಕದವರು ಹಾಗೆಯೇ ಬಂದರು. ಸ್ಕಾಟ್ ಆಟ್ರಿ 1973ರಲ್ಲಿ ಎಕ್ಸೆಟರ್‌ಗೆ, ಬ್ರೂಸ್ ಪೆನ್‌ಹಾಲ್ 1978ರಲ್ಲಿ ಕ್ರ್ಯಾಡ್ಲಿ ಹೀತ್‌ಗೆ. ಪೆನ್‌ಹಾಲ್ 1981ರಲ್ಲಿ ವೆಂಬ್ಲಿಯಲ್ಲೂ 1982ರಲ್ಲಿ ಲಾಸ್ ಏಂಜಲಿಸ್‌ನಲ್ಲೂ ಗೆದ್ದು, ಗೆದ್ದ ಕೂಡಲೇ ಆಟ ಬಿಟ್ಟು ಟಿವಿ ನಟನಾದ. ಬಿಲ್ಲಿ ಹ್ಯಾಮಿಲ್, ಗ್ರೆಗ್ ಹ್ಯಾನ್‌ಕಾಕ್ ಇದೇ ಕ್ರ್ಯಾಡ್ಲಿಯ ದಾರಿ ಹಿಡಿದವರು. ಒಂದು ಕ್ಲಬ್ಬಿಗೆ ಒಂದು ದೇಶದ ನಂಟು ಬೆಳೆಯುವುದು ಸ್ಪೀಡ್‌ವೇಯಲ್ಲಿ ಹೊಸತಲ್ಲ: ಅರ್ಜಿಯ ಕೆಲಸ ಒಮ್ಮೆ ಮಾಡಿ ಗೊತ್ತಿರುವ ಪ್ರಮೋಟರ್‌ಗೆ ಎರಡನೆಯ ಸಲ ಸುಲಭ, ಮೊದಲು ಬಂದವನ ಮನೆಯಲ್ಲಿ ಎರಡನೆಯವನಿಗೆ ಕೋಣೆ ಸಿಗುತ್ತದೆ.

ಕಬ್ಬಿಣದ ಪರದೆಯಾಚೆಯಿಂದ ಬರುವವನಿಗೆ ಮೂರನೆಯದೊಂದು ಬಾಗಿಲಿತ್ತು, ಅದು ಅವನ ಮನೆಯದೇ. ತನ್ನ ದೇಶದ ಮೋಟಾರ್ ಒಕ್ಕೂಟ ಬಿಡುಗಡೆ ಕೊಡದಿದ್ದರೆ ಬ್ರಿಟನ್ನಿನ ಪರ್ಮಿಟ್ ಇದ್ದೂ ಪ್ರಯೋಜನವಿಲ್ಲ. ಪೋಲೆಂಡಿನ ಝೆನೊನ್ ಪ್ಲೆಖ್ ಹ್ಯಾಕ್ನಿಗೂ ಎಡ್ವರ್ಡ್ ಯಾನ್ಸಾರ್ಜ್ ವಿಂಬಲ್ಡನ್‌ಗೂ 1970ರ ದಶಕದಲ್ಲಿ ಬಂದರು. 1981ರ ಡಿಸೆಂಬರಿನಲ್ಲಿ ಪೋಲೆಂಡಿನಲ್ಲಿ ಸೈನಿಕ ಕಾನೂನು ಹೇರಿದ ಮೇಲೆ ಆ ದಾರಿ ಇನ್ನಷ್ಟು ಇಕ್ಕಟ್ಟಾಯಿತು.

ಕಾಮನ್‌ವೆಲ್ತಿನವರಿಗೆ 1973ರ ನಂತರ ಉಳಿದದ್ದು ರಕ್ತಸಂಬಂಧ. ಅಜ್ಜನೋ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಮೊಮ್ಮಗ ಪರ್ಮಿಟ್ಟಿಲ್ಲದೆ ಬಂದು ದುಡಿಯಬಹುದು. ಆಸ್ಟ್ರೇಲಿಯದ ಯುವ ಸವಾರ ಬೈಕ್ ಕೊಳ್ಳುವುದಕ್ಕೆ ಮುಂಚೆ ಅಜ್ಜಿಯ ಜನನ ಪತ್ರ ಹುಡುಕಬೇಕು ಎನ್ನುವುದು ಅರ್ಧ ತಮಾಷೆ, ಅರ್ಧ ನಿಜ. ಇನ್ನೊಂದು ಬಗೆಯ ಸಂಬಂಧವೂ ಉಂಟು. ಆಸ್ಟ್ರೇಲಿಯದ ಫಿಲ್ ಕ್ರಂಪ್ ಬ್ರಿಟಿಷ್ ಲೀಗಿನಲ್ಲಿ ಓಡುತ್ತಿದ್ದ 1975ರಲ್ಲಿ ಮಗ ಜೇಸನ್ ಹುಟ್ಟಿದ್ದು ಬ್ರಿಸ್ಟಲ್‌ನಲ್ಲಿ. 1983ಕ್ಕೆ ಮುಂಚೆ ಬ್ರಿಟಿಷ್ ನೆಲದಲ್ಲಿ ಹುಟ್ಟಿದ ಮಗುವಿಗೆ ಪೌರತ್ವ ಹುಟ್ಟಿನಿಂದಲೇ ಬರುತ್ತಿತ್ತು. ತಾಯಿಯ ತಂದೆ ನೀಲ್ ಸ್ಟ್ರೀಟ್ ಕೂಡ ಬ್ರಿಟನ್ನಿನಲ್ಲಿ ಓಡಿದ್ದ ಆಸ್ಟ್ರೇಲಿಯದ ಸವಾರ. ಜೇಸನ್ ಆಸ್ಟ್ರೇಲಿಯದ ಪರ ಓಡಿ 2004, 2006, 2009ರಲ್ಲಿ ವಿಶ್ವ ಚಾಂಪಿಯನ್ನಾದ. ತಿರುಗುಮುರುಗಿನ ಉದಾಹರಣೆ ಟೈ ವಾಫಿಂಡನ್: ಸ್ಕಂತಾರ್ಪ್‌ನಲ್ಲಿ ಹುಟ್ಟಿ, ಪರ್ತ್‌ನಲ್ಲಿ ಬೆಳೆದು, ಬ್ರಿಟನ್ನಿನ ಪರ 2013, 2015, 2018ರಲ್ಲಿ ಗೆದ್ದವನು.

ಸರಾಸರಿಯ ಲೆಕ್ಕ

ಐಪಿಎಲ್‌ನಲ್ಲಿ ಹನ್ನೊಂದರಲ್ಲಿ ನಾಲ್ವರಿಗಿಂತ ಹೆಚ್ಚು ವಿದೇಶಿಯರು ಬೇಡ ಎಂದು ತಲೆ ಎಣಿಸುತ್ತಾರೆ. ಬ್ರಿಟಿಷ್ ಸ್ಪೀಡ್‌ವೇಯ ಮುಖ್ಯ ಉಪಾಯ ತಲೆ ಎಣಿಕೆಯಲ್ಲ, ಅಂಕದ ಎಣಿಕೆ. ಸವಾರ ಗಳಿಸಿದ ಅಂಕಗಳನ್ನು, ತನ್ನದೇ ತಂಡದವನ ಹಿಂದೆ ಬಂದುದಕ್ಕೆ ಸಿಗುವ ಬೋನಸ್ ಸೇರಿಸಿ, ಓಡಿದ ಓಟಗಳಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಬರುವುದು ಅವನ ಪಂದ್ಯ ಸರಾಸರಿ. ಪ್ರತಿ ಓಟವನ್ನೂ ಗೆದ್ದವನಿಗೆ 12. ಒಳ್ಳೆಯ ಸವಾರನಿಗೆ 8, 9. ಹೊಸಬನಿಗೆ 3 ಬಂದರೂ ಹೆಚ್ಚು. ತಂಡದ ಏಳು ಜನರ ಸರಾಸರಿಗಳ ಮೊತ್ತ ಇಷ್ಟನ್ನು ಮೀರಬಾರದೆಂದು ಪ್ರಮೋಟರ್‌ಗಳು ಪ್ರತಿ ಚಳಿಗಾಲದ ಸಭೆಯಲ್ಲಿ ಗೊತ್ತುಮಾಡುತ್ತಾರೆ. 1965ರಲ್ಲಿ 18 ಕ್ಲಬ್ಬುಗಳ ಬ್ರಿಟಿಷ್ ಲೀಗ್ ಹುಟ್ಟಿದಾಗ ಸಮಿತಿಯೊಂದು ಸವಾರರನ್ನು ಕ್ಲಬ್ಬಿನಿಂದ ಕ್ಲಬ್ಬಿಗೆ ವರ್ಗ ಮಾಡಿ ಸಮತೋಲ ಕಾಯುತ್ತಿತ್ತು. ಮಿತಿಯ ಲೆಕ್ಕ ಆ ಸಮಿತಿಯ ಕೆಲಸವನ್ನು ಅಂಕಗಣಿತಕ್ಕೆ ವಹಿಸಿತು.

ಇದರ ಪರಿಣಾಮ ವಿಚಿತ್ರ. ಕಳೆದ ವರ್ಷ ಚೆನ್ನಾಗಿ ಓಡಿದ ಸವಾರನಿಗೆ ಈ ವರ್ಷ ತಂಡದಲ್ಲಿ ಜಾಗವಿಲ್ಲದೆ ಹೋಗಬಹುದು, ಏಕೆಂದರೆ ಅವನ ಸರಾಸರಿ ಏರಿದೆ. ಪ್ರಮೋಟರ್ ಹುಡುಕುವುದು ಕಾಗದದ ಮೇಲೆ 4, ಪಥದ ಮೇಲೆ 7 ತರುವವನನ್ನು. ಅಂಥವನು ಸಿಗುವುದು ಎಲ್ಲಿ? ಬ್ರಿಟನ್ನಿನಲ್ಲಿ ಇನ್ನೂ ಓಡದ ಹೊರನಾಡಿನ ಹುಡುಗರಲ್ಲಿ. ಅವರಿಗೆ ಇಲ್ಲಿನ ದಾಖಲೆಯೇ ಇಲ್ಲವಾದ್ದರಿಂದ ನಿಯಮಪುಸ್ತಕ ಒಂದು ಅಂದಾಜು ಸರಾಸರಿಯನ್ನು ಹಚ್ಚುತ್ತದೆ. ಆ ಅಂದಾಜು ಕಡಿಮೆಯಾದರೆ ಕ್ಲಬ್ಬುಗಳು ಹೊರನಾಡಿಗೆ ಓಡುತ್ತವೆ, ಹೆಚ್ಚಾದರೆ ಊರಿನ ಹುಡುಗನಿಗೆ ಅವಕಾಶ. ಹೊರನಾಡಿನ ಸವಾರರ ಸಂಖ್ಯೆಯನ್ನು ಏರಿಸಿ ಇಳಿಸುವ ಕೀಲಿ ಎಷ್ಟೋ ವರ್ಷ ಇದ್ದದ್ದು ಈ ಒಂದು ಅಂಕಿಯಲ್ಲಿ, ಗೃಹ ಇಲಾಖೆಯಲ್ಲಿ ಅಲ್ಲ.

ಪರ್ಮಿಟ್ಟಿನ ತರ್ಕ ಇದಕ್ಕೆ ನೇರ ಎದುರು. ಸರ್ಕಾರ ಕೇಳುವುದು, ಈ ಕೆಲಸಕ್ಕೆ ಊರಿನವನು ಸಾಲದಷ್ಟು ಇವನು ದೊಡ್ಡವನೇ ಎಂದು. 2008ರಲ್ಲಿ ಬಂದ ಅಂಕಾಧಾರಿತ ವೀಸಾ ಪದ್ಧತಿಯ ಮಾತಿನಲ್ಲಿ ಹೇಳುವುದಾದರೆ, ಕ್ರೀಡಾಪಟು ಅಂತರರಾಷ್ಟ್ರೀಯವಾಗಿ ಅತ್ಯುನ್ನತ ಮಟ್ಟದಲ್ಲಿ ಹೆಸರು ಮಾಡಿರಬೇಕು, ಅವನು ಬರುವುದರಿಂದ ಬ್ರಿಟನ್ನಿನಲ್ಲಿ ಆ ಆಟ ಗಣನೀಯವಾಗಿ ಬೆಳೆಯಬೇಕು. ಸರಾಸರಿ 4ರ ಹುಡುಗನಿಗೆ ಈ ಮಾತು ಹೇಗೆ ಒಗ್ಗುತ್ತದೆ? ಒಗ್ಗುವ ವಿಶ್ವಮಟ್ಟದ ಸವಾರ ಬಂದರೆ ತಂಡದ ಮಿತಿಯ ಕಾಲುಭಾಗವನ್ನು ಅವನೊಬ್ಬನೇ ನುಂಗುತ್ತಾನೆ. ಪ್ರಮೋಟರ್‌ಗೆ ಬೇಕಾದವನಿಗೆ ಪರ್ಮಿಟ್ ಕಷ್ಟ, ಪರ್ಮಿಟ್ ಸಿಗುವವನಿಗೆ ತಂಡದಲ್ಲಿ ಜಾಗ ಕಷ್ಟ.

ಊರಿನವರನ್ನು ಉಳಿಸಿಕೊಳ್ಳಲು ಆಟ ಬೇರೆ ಪ್ರಯೋಗಗಳನ್ನೂ ಮಾಡಿದೆ. 1997ರಲ್ಲಿ ಲೀಗುಗಳನ್ನು ಎಲೀಟ್, ಪ್ರೀಮಿಯರ್, ಹವ್ಯಾಸಿ ಎಂದು ವಿಂಗಡಿಸಿ, ಕೆಳಗಿನ ಹಂತವನ್ನು ಕಲಿಯುವವರಿಗೆ ಬಿಟ್ಟರು. 2014ರಲ್ಲಿ ಎಲೀಟ್ ಲೀಗಿನ ಪ್ರತಿ ತಂಡದಲ್ಲೂ ಇಬ್ಬರು ಯುವ ಬ್ರಿಟಿಷರಿಗೆ ಮೀಸಲು ಜಾಗ ಕೊಟ್ಟರು. ಅವರನ್ನು ಹಂಚಿದ್ದು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ಪದ್ಧತಿಯಲ್ಲಿ. 2017ರಲ್ಲಿ ಲೀಗುಗಳ ಹೆಸರು ಪ್ರೀಮಿಯರ್‌ಷಿಪ್, ಚಾಂಪಿಯನ್‌ಷಿಪ್ ಎಂದಾದವು. 2020ರ ದಶಕದಲ್ಲಿ ‘ರೈಸಿಂಗ್ ಸ್ಟಾರ್’ ಎಂಬ ಹೆಸರಿನಲ್ಲಿ ಅದೇ ಯೋಚನೆ ಮರಳಿತು. ಮೊದಮೊದಲು ಈ ಹುಡುಗರು ಅರ್ಧ ಸುತ್ತು ಹಿಂದೆ ಬೀಳುವುದನ್ನು ಕಂಡು ಪ್ರೇಕ್ಷಕರು ಗೊಣಗಿದರು. ಆದರೆ ಡ್ಯಾನ್ ಬ್ಯೂಲಿ, ರಾಬರ್ಟ್ ಲ್ಯಾಂಬರ್ಟ್ ಬೆಳೆದದ್ದು ಇಂಥ ವರ್ಷಗಳಲ್ಲೇ. 2021ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬ್ರಿಟನ್ ಸ್ಪೀಡ್‌ವೇ ಆಫ್ ನೇಷನ್ಸ್ ಗೆದ್ದಾಗ ಅಂತಿಮ ದಿನ ಓಡಿದವರು ಇವರು. 1989ರ ನಂತರ ಬಂದ ಮೊದಲ ವಿಶ್ವ ತಂಡ ಪ್ರಶಸ್ತಿ ಅದು.

ಯುರೋಪು ತೆರೆದುಕೊಂಡ ಕಾಲ

ಸ್ವೀಡನ್, ಫಿನ್ಲೆಂಡ್, ನಾರ್ವೆಗಳಿಗೆ 1994ರಲ್ಲಿ ಯುರೋಪಿಯನ್ ಆರ್ಥಿಕ ವಲಯದ ಮೂಲಕ ಪರ್ಮಿಟ್ಟಿನ ಕಾಟ ತಪ್ಪಿತು. ಮರುವರ್ಷ ಬಾಸ್ಮನ್ ತೀರ್ಪು ಬಂದು, ವೃತ್ತಿಪರ ಕ್ಲಬ್ ಕ್ರೀಡೆಯಲ್ಲಿ ಸಮುದಾಯದ ಪೌರರಿಗೆ ರಾಷ್ಟ್ರೀಯತೆಯ ಕೋಟಾ ಹಾಕುವಂತಿಲ್ಲವೆಂದು ಯುರೋಪಿನ ನ್ಯಾಯಾಲಯ ಹೇಳಿತು. ಆ ತೀರ್ಪಿನ ಬೇರು 1974ರ ವಾಲ್‌ರಾವೆ ಮತ್ತು ಕೋಖ್ ಪ್ರಕರಣದಲ್ಲಿದೆ. ಆ ಇಬ್ಬರು ಡಚ್ಚರು ಸೈಕಲ್ ಪಂದ್ಯದಲ್ಲಿ ಸೈಕಲ್ ಸವಾರನ ಮುಂದೆ ಮೋಟಾರ್‌ಬೈಕ್ ಓಡಿಸಿ ಗಾಳಿ ತಡೆಯುವ ಕೆಲಸ ಮಾಡುತ್ತಿದ್ದವರು. ಯುರೋಪಿನ ಕ್ರೀಡಾ ಕಾನೂನು ಇಬ್ಬರು ಬೈಕ್ ಸವಾರರ ಹೊಟ್ಟೆಪಾಡಿನಿಂದ ಹುಟ್ಟಿತು ಎಂಬುದು ಸ್ಪೀಡ್‌ವೇ ಜನ ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಸಂಗತಿ. ಬ್ರಿಟಿಷರಿಗೆಂದೇ ಜಾಗ ಕಾದಿರಿಸುವ ಬದಲು ಸರಾಸರಿಯ ಲೆಕ್ಕ, ಯುವ ಪ್ರತಿಭೆಯ ಹೆಸರು ಇತ್ಯಾದಿ ಸುತ್ತು ದಾರಿಗಳು ಈ ಕಾಲದಲ್ಲಿ ಬೆಲೆ ಪಡೆದದ್ದರಲ್ಲಿ ಆಶ್ಚರ್ಯವಿಲ್ಲ.

2004ರ ಮೇ 1ರಂದು ಪೋಲೆಂಡ್, ಚೆಕ್, ಸ್ಲೊವೇನಿಯ, ಹಂಗೇರಿ, ಲಾಟ್ವಿಯ ಮೊದಲಾದವು ಯುರೋಪಿಯನ್ ಒಕ್ಕೂಟ ಸೇರಿದವು. ಹಳೆಯ ಸದಸ್ಯರಲ್ಲಿ ಹೆಚ್ಚಿನವರು ಕೆಲಸದ ಬಾಗಿಲನ್ನು ಕೆಲವು ವರ್ಷ ಮುಚ್ಚಿಟ್ಟುಕೊಂಡರು. ಬ್ರಿಟನ್, ಐರ್ಲೆಂಡ್, ಸ್ವೀಡನ್ ತೆರೆದವು. ಬ್ರಿಟನ್ನಿನಲ್ಲಿ ದುಡಿಯಲು ಬಂದವರು ಹೆಸರು ನೋಂದಾಯಿಸಬೇಕಿತ್ತು. ಸ್ವಂತ ಉದ್ಯೋಗದವರಿಗೆ ಅದೂ ಬೇಡ. ಸ್ಪೀಡ್‌ವೇ ಸವಾರ ತನ್ನ ಬೈಕು, ಎಂಜಿನ್ನು, ಮೆಕ್ಯಾನಿಕ್, ವ್ಯಾನು ಎಲ್ಲವನ್ನೂ ತಾನೇ ಹೊಂದಿಸಿಕೊಂಡು ಅಂಕಕ್ಕಿಷ್ಟು ಎಂದು ಹಣ ಪಡೆಯುವ ಸ್ವಂತ ಉದ್ಯೋಗಿ. ಆದ್ದರಿಂದ ಪೋಲೆಂಡಿನ ಸವಾರನಿಗೆ 2020ರವರೆಗಿನ ಹದಿನಾರು ವರ್ಷ ಬ್ರಿಟನ್ ಪಕ್ಕದ ಜಿಲ್ಲೆಯಂತೆ ಆಯಿತು. ಯಾರೊಸ್ವಾಫ್ ಹಾಂಪೆಲ್ ಇಪ್ಸ್‌ವಿಚ್‌ನಲ್ಲೂ ಮಾಚೆಯ್ ಯಾನೊವ್‌ಸ್ಕಿ ಪೂಲ್‌ನಲ್ಲೂ ಓಡಿದರು. ಹಿಂದೆ ಸ್ವೀಡನ್ನಿನವರು ಮಾಡುತ್ತಿದ್ದ ಓಡಾಟ ಈಗ ಎಲ್ಲರ ಬದುಕಾಯಿತು. ಪೋಲೆಂಡಿನಲ್ಲಿ ವಾರಾಂತ್ಯ, ಸ್ವೀಡನ್ನಿನಲ್ಲಿ ಮಂಗಳವಾರ, ನಡುವೆ ಇಂಗ್ಲೆಂಡಿನಲ್ಲೊಂದು ರಾತ್ರಿ. ಬೈಕುಗಳು ಒಂದೊಂದು ದೇಶದಲ್ಲಿ ಒಂದೊಂದು ಜತೆ.

ಇದೇ ಕಾಲದಲ್ಲಿ ಹಣದ ದಿಕ್ಕು ತಿರುಗಿತು. ದೂರದರ್ಶನ ಹಕ್ಕು, ಪ್ರಾಯೋಜಕತೆ, ತುಂಬಿದ ಕ್ರೀಡಾಂಗಣಗಳಿಂದ ಪೋಲೆಂಡಿನ ಎಕ್ಸ್‌ಟ್ರಾಲಿಗ ಜಗತ್ತಿನ ಅತಿ ಶ್ರೀಮಂತ ಲೀಗಾಯಿತು. ಬ್ರಿಟನ್ನಿನಲ್ಲಿ ಕೊವೆಂಟ್ರಿಯ ಬ್ರ್ಯಾಂಡನ್‌ನಂಥ ಹಳೆಯ ಪಥಗಳು ಮುಚ್ಚುತ್ತ ಬಂದವು. ಬಾಗಿಲು ಪೂರ್ತಿ ತೆರೆದಿದ್ದಾಗಲೇ ದೊಡ್ಡ ಹೆಸರಿನವರು ಬ್ರಿಟನ್ನಿಗೆ ಬರುವುದು ಕಡಿಮೆಯಾಯಿತು. ವಿಶ್ವಮಟ್ಟದವರು ಬರದಿರುವುದಕ್ಕೆ ಪರ್ಮಿಟ್ಟನ್ನೇ ದೂರುವವರು ಈ ಹದಿನಾರು ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

2021ರ ನಂತರ

ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಟ್ಟದ್ದರಿಂದ 2020ರ ಡಿಸೆಂಬರ್ 31ರ ರಾತ್ರಿ ಯುರೋಪಿನವರ ಮುಕ್ತ ಸಂಚಾರ ಕೊನೆಗೊಂಡಿತು. ಡೆನ್ಮಾರ್ಕಿನವನೂ ಅಮೆರಿಕದವನೂ ಕಾನೂನಿನ ಕಣ್ಣಿಗೆ ಮತ್ತೆ ಒಂದೇ. ಮುಂಚೆಯೇ ಬ್ರಿಟನ್ನಿನಲ್ಲಿ ವಾಸವಿದ್ದ ಯುರೋಪಿನವರು ನೆಲೆಸುವ ಹಕ್ಕಿಗೆ ಅರ್ಜಿ ಹಾಕಬಹುದಿತ್ತು. ಆದರೆ ವಾರಕ್ಕೊಮ್ಮೆ ಬಂದುಹೋಗುವ ಸವಾರನಿಗೆ ಬ್ರಿಟನ್ನಿನಲ್ಲಿ ವಾಸವೆಲ್ಲಿ? ಅಂಥವರಿಗೆಂದೇ ಇದ್ದದ್ದು ಗಡಿಯಾಚೆಯ ಕೆಲಸಗಾರರ ಪರ್ಮಿಟ್: ಬೇರೆ ದೇಶದಲ್ಲಿ ಮನೆ ಇದ್ದು, 2020 ಮುಗಿಯುವುದರೊಳಗೆ ಬ್ರಿಟನ್ನಿನಲ್ಲಿ ದುಡಿದು, ಆಮೇಲೂ ವರ್ಷಕ್ಕೊಮ್ಮೆಯಾದರೂ ದುಡಿಯುತ್ತಿರುವವರಿಗೆ. 2020ರ ಋತು ಕೋವಿಡ್‌ನಿಂದ ಪೂರ್ತಿ ರದ್ದಾಗಿತ್ತು. ಹಾಗೆ ಕೆಲಸ ನಿಂತವರಿಗೆ ನಿಯಮದಲ್ಲೇ ವಿನಾಯಿತಿಯಿತ್ತು. ಈ ಪರ್ಮಿಟ್ ಹಳಬರಿಗಷ್ಟೇ. 2021ರ ನಂತರ ಮೊದಲ ಬಾರಿ ಬರುವ ಹದಿನೆಂಟರ ಹುಡುಗನಿಗೆ ಇದರಿಂದ ಉಪಯೋಗವಿಲ್ಲ.

ಹೊಸಬರ ದಾರಿ 2021ರ ಅಕ್ಟೋಬರ್ 11ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಕ್ರೀಡಾಪಟು ವೀಸಾ. ಇದಕ್ಕೆ ಎರಡು ಕಾಗದ ಬೇಕು: ಪರವಾನಗಿ ಪಡೆದ ಪ್ರಾಯೋಜಕ ಕೊಡುವ ಪ್ರಮಾಣಪತ್ರ, ಆಟದ ಆಡಳಿತ ಮಂಡಳಿ ಕೊಡುವ ಅನುಮೋದನೆ. 12 ತಿಂಗಳೊಳಗಿನ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆಯಿಲ್ಲ. ಅದಕ್ಕೂ ಹೆಚ್ಚಿನದಕ್ಕೆ ಆರಂಭಿಕ ಮಟ್ಟದ ಇಂಗ್ಲಿಷ್ ಬೇಕು. ಆರು ತಿಂಗಳು ಮೀರಿದರೆ ಆರೋಗ್ಯ ಸೇವೆಯ ಶುಲ್ಕವೂ ಸೇರುತ್ತದೆ, 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್. ಮಾರ್ಚ್‌ನಿಂದ ಅಕ್ಟೋಬರ್ ಎಂದರೆ ಆರು ತಿಂಗಳು ಮೀರಿಯೇ ಮೀರುತ್ತದೆ. ಫುಟ್‌ಬಾಲಿನ ಲೆಕ್ಕದಲ್ಲಿ ಇದು ಚಿಲ್ಲರೆ ಹಣ. ಅಂಕಕ್ಕಿಷ್ಟು ಎಂದು ದುಡಿದು ಟೈರು, ಎಂಜಿನ್ ರಿಪೇರಿಗೆ ತಾನೇ ತೆರುವ ಸರಾಸರಿ 5ರ ಸವಾರನಿಗೆ ಚಿಲ್ಲರೆಯಲ್ಲ.

ಅನುಮೋದನೆ ಕೊಡುವ ಮಂಡಳಿಗಳ ಬಗ್ಗೆ ಗೃಹ ಇಲಾಖೆ ಮಾಡಿರುವ ಪಟ್ಟಿಯಲ್ಲಿ ಒಂದು ವಿಶೇಷವಿದೆ. ಮೋಟಾರ್‌ಸೈಕಲ್ ಕ್ರೀಡೆಗಳಿಗೆ ಅನುಮೋದನೆ ಕೊಡುವುದು ಆಟೋ-ಸೈಕಲ್ ಯೂನಿಯನ್. ಸ್ಪೀಡ್‌ವೇಯನ್ನು ಮಾತ್ರ ಅದರಿಂದ ಬೇರ್ಪಡಿಸಿ ಪ್ರಮೋಟರ್‌ಗಳ ಸಂಸ್ಥೆಗೆ ಒಪ್ಪಿಸಲಾಗಿದೆ. ಸವಾರರನ್ನು ಕೂಲಿಗೆ ಕರೆಯುವವರ ಕೂಟವೇ ಅವರು ಅತ್ಯುನ್ನತ ಮಟ್ಟದವರೆಂದು ಸರ್ಕಾರಕ್ಕೆ ಹೇಳುವ ಏರ್ಪಾಡಿದು. ತಮ್ಮ ಅನುಮೋದನೆಗೆ ಬೆಲೆ ಉಳಿಯಬೇಕಾದರೆ ಪ್ರಮೋಟರ್‌ಗಳು ತಮ್ಮವರಿಗೇ ಬೇಡ ಎನ್ನಲೂ ಸಿದ್ಧರಿರಬೇಕು. ಕೆಲವೇ ಕ್ಲಬ್ಬುಗಳಿಗೆ ಇಳಿದ ಪ್ರೀಮಿಯರ್‌ಷಿಪ್ಪಿನಲ್ಲಿ ಎಲ್ಲರೂ ಎಲ್ಲರ ಪೈಪೋಟಿದಾರರು, ಎಲ್ಲರೂ ಎಲ್ಲರಿಗೂ ಬೇಕಾದವರು.

ಆಸ್ಟ್ರೇಲಿಯ, ನ್ಯೂಜಿಲೆಂಡಿನ ಯುವಕರಿಗೆ ಇನ್ನೊಂದು ಬಾಗಿಲು ಇದ್ದಂತೆ ಕಾಣುತ್ತದೆ. ಯುವ ಸಂಚಾರ ಯೋಜನೆಯಡಿ ಅವರು 35 ವಯಸ್ಸಿನವರೆಗೆ ಬಂದು ಮೂರು ವರ್ಷ ಯಾವ ಕೆಲಸ ಬೇಕಾದರೂ ಮಾಡಬಹುದು. ಆದರೆ ಷರತ್ತಿನಲ್ಲಿ ಒಂದು ಹೊರತು: ವೃತ್ತಿಪರ ಕ್ರೀಡಾಪಟುವಾಗಿ ದುಡಿಯುವಂತಿಲ್ಲ, ತರಬೇತಿಯನ್ನೂ ಕೊಡುವಂತಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯಬಹುದು, ಸ್ಪೀಡ್‌ವೇ ಓಡಿಸುವಂತಿಲ್ಲ. ಹಾಗಾಗಿ ಅಜ್ಜಿಯ ಜನನ ಪತ್ರದ ಬೆಲೆ ಇಳಿದಿಲ್ಲ. ಪೂರ್ವಜರ ವೀಸಾದಲ್ಲಿ ಐದು ವರ್ಷ ಯಾವ ಕೆಲಸವನ್ನಾದರೂ, ಯಾವ ಕ್ಲಬ್ಬಿಗಾದರೂ ಮಾಡಬಹುದು. ಲೀಗಿನಲ್ಲಿ ಒಬ್ಬನೇ ಸವಾರ ಎರಡು ಹಂತದ ಎರಡು ಕ್ಲಬ್ಬುಗಳಿಗೆ ಓಡುವುದು, ಗಾಯಗೊಂಡವನ ಬದಲು ಬೇರೆ ಕ್ಲಬ್ಬಿನವನು ಅತಿಥಿಯಾಗಿ ಓಡುವುದು ಹಳೆಯ ರೂಢಿ. ಒಬ್ಬ ಪ್ರಾಯೋಜಕನಿಗೆ ಕಟ್ಟಿಹಾಕುವ ವೀಸಾಕ್ಕಿಂತ ಹೀಗೆ ಕೈಕಾಲು ಬಿಚ್ಚಿರುವ ವೀಸಾ ಈ ರೂಢಿಗೆ ಹೆಚ್ಚು ಒಗ್ಗುತ್ತದೆ.

ರಾಜಕೀಯ ಬೇರೆ ಬಗೆಯಲ್ಲೂ ನುಗ್ಗಿದೆ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ರಷ್ಯ, ಬೆಲರೂಸ್ ಸವಾರರನ್ನು ಹೊರಗಿಟ್ಟಿತು. ಪೋಲೆಂಡಿನ ಪೌರತ್ವವೂ ಇದ್ದ ಎಮಿಲ್ ಸೈಫುತ್ದಿನೊವ್ 2023ರಲ್ಲಿ ಪೋಲಿಷ್ ಲೈಸೆನ್ಸಿನ ಮೇಲೆ ಇಪ್ಸ್‌ವಿಚ್ ಪರ ಓಡಿದ.

ಕಾರ್ಡಿಫ್‌ನಲ್ಲಿ 2001ರಿಂದ 2024ರವರೆಗೆ ನಡೆದ, ವಿಶ್ವ ಚಾಂಪಿಯನ್‌ಷಿಪ್ಪಿನ ಒಂದು ಸುತ್ತಾದ ಬ್ರಿಟಿಷ್ ಗ್ರ್ಯಾನ್ ಪ್ರಿಗೆ ಈ ಯಾವ ನಿಯಮವೂ ಅಡ್ಡಬರಲಿಲ್ಲ. ಒಂದು ಪಂದ್ಯದಲ್ಲಿ ಭಾಗವಹಿಸಿ ಬಹುಮಾನದ ಹಣ ಒಯ್ಯುವ ಕ್ರೀಡಾಪಟು ಕಾನೂನಿನ ಪ್ರಕಾರ ಬರೀ ಸಂದರ್ಶಕ. ವಿಶ್ವ ಚಾಂಪಿಯನ್ ಒಂದು ಶನಿವಾರ ಕಾರ್ಡಿಫ್‌ನಲ್ಲಿ ಹತ್ತಾರು ಸಾವಿರ ಜನರ ಮುಂದೆ ಓಡಿ ಹೋಗಬಹುದಿತ್ತು. ಸೋಮವಾರ ಮ್ಯಾಂಚೆಸ್ಟರ್‌ನಲ್ಲಿ ಲೀಗ್ ಪಂದ್ಯ ಓಡಬೇಕಾದರೆ ಪ್ರಾಯೋಜಕ, ಅನುಮೋದನೆ, ವೀಸಾ ಬೇಕಿತ್ತು.

ಬ್ರಿಟಿಷ್ ಸವಾರರೂ ಈಗ ಗಡಿಯ ಆಚೆ ಬದಿಯಲ್ಲಿ ನಿಂತಿದ್ದಾರೆ. ದೊಡ್ಡ ದುಡಿಮೆಗೆ ಅವರು ಪೋಲೆಂಡಿಗೂ ಸ್ವೀಡನ್ನಿಗೂ ಹೋಗಲೇಬೇಕು. ವೀಸಾ ಇಲ್ಲದೆ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಮಾತ್ರ ಇರಬಹುದು. ಬೈಕು, ಬಿಡಿ ಎಂಜಿನ್ನು, ಸಲಕರಣೆ ಹೊತ್ತ ವ್ಯಾನಿಗೆ ಕಸ್ಟಮ್ಸ್‌ನ ಕಾರ್ನೆ ಪತ್ರ ಮಾಡಿಸಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆ ಎರಡು ಸಲ ಗಡಿ ದಾಟುವವನು ಅಲ್ಲಿ ಕಳೆದ ದಿನಗಳ ಲೆಕ್ಕವನ್ನು ಬಿಡದೆ ಕೂಡಿಸುತ್ತಿರಬೇಕು. ಹೀಗಾಗಿ ಕೆಲವರು ಋತುವಿನುದ್ದಕ್ಕೂ ಪೋಲೆಂಡಿನಲ್ಲೇ ಮನೆ ಹಿಡಿದು, ಅಲ್ಲಿನ ಕೆಲಸದ ಕಾಗದಪತ್ರ ಮಾಡಿಸಿಕೊಂಡು, ಬ್ರಿಟನ್ನಿನ ಲೀಗಿಗೆ ಅಲ್ಲಿಂದಲೇ ಬಂದುಹೋಗುತ್ತಾರೆ.